ಕಾಲು ಟ್ಯಾಂಕಿಗೆ ಬಂದ್ರೆ ಫ್ಯೂಯಲ್ ಮುಳ್ಳು ಕುಣಿಯುತ್ತೆ, ಮೀಟರ್ ಬದಲಿಸಬೇಕಾ?

ಪ್ರಶ್ನೆ:
ಪೆಟ್ರೋಲ್ ಹ್ಯಾಚ್‌ಬ್ಯಾಕ್, 11 ವರ್ಷ ಹಳೇದು, 35 ಲೀಟರ್ ಟ್ಯಾಂಕ್. ಅರ್ಧದವರೆಗೆ ಮುಳ್ಳು ನೆಟ್ಟಗೆ ಇಳಿಯುತ್ತೆ. ಕಾಲು ಟ್ಯಾಂಕ್ ಹತ್ರ ದಿಢೀರಂತ ಸೊನ್ನೆಗೆ ಬೀಳುತ್ತೆ, ಹಂಪ್ ದಾಟಿದ ಮೇಲೆ ಮತ್ತೆ ಏರುತ್ತೆ. ಫುಲ್ ಮಾಡಿಸಿದ್ರೆ 80 ಕಿ.ಮೀ. ಓಡಿದ್ರೂ ಅಲ್ಲಾಡಲ್ಲ. ಗ್ಯಾರೇಜಲ್ಲಿ ಮೀಟರ್ ಬದಲಿಸಿ ಅಂತಾರೆ.

ಉತ್ತರ 1:
ಮೀಟರಿಗೆ ಈಗಲೇ ಕೈ ಹಾಕಬೇಡಿ ಸರ್. ಒಂದೇ ಜಾಗದಲ್ಲಿ ಎಡವುತ್ತಿದೆ ಅಂದ್ರೆ ಮೊದಲ ಅನುಮಾನ ಟ್ಯಾಂಕಿನೊಳಗಿನ ಸೆಂಡರ್ ಮೇಲೆ, ಅಂದ್ರೆ ಪೆಟ್ರೋಲ್ ಮಟ್ಟ ಅಳೆದು ಮೀಟರಿಗೆ ತಿಳಿಸೋ ಭಾಗದ ಮೇಲೆ. ಅದರ ಫ್ಲೋಟ್ (ಪೆಟ್ರೋಲ್ ಮೇಲೆ ತೇಲೋ ಬುರುಡೆ) ಮೇಲೆ ಕೆಳಗೆ ಆಡಿದಾಗ ಅದರ ಕಡ್ಡಿಗೆ ಅಂಟಿದ ಸಣ್ಣ ಲೋಹದ ಬೆರಳು ಒಂದು ಕಪ್ಪು ಪಟ್ಟಿಯ ಮೇಲೆ ಉಜ್ಜಿಕೊಂಡು ಓಡಾಡುತ್ತೆ. ಬೆರಳು ನಿಂತ ಜಾಗಕ್ಕೆ ತಕ್ಕಂತೆ ಓಮ್ಸ್ (ವಿದ್ಯುತ್ತಿಗೆ ಪಟ್ಟಿ ಒಡ್ಡೋ ತಡೆ) ಬದಲಾಗುತ್ತೆ. ಯಾವಾಗಲೂ 500 ರೂಪಾಯಿಗೆ ಹಾಕಿಸೋರ ಗಾಡಿಯಲ್ಲಿ ಬೆರಳು ರಿಸರ್ವ್‌ಗೂ ಅರ್ಧಕ್ಕೂ ಮಧ್ಯೆ ಮಾತ್ರ ಓಡಾಡುತ್ತೆ, ಪಟ್ಟಿ ಅಲ್ಲೇ ಸವೆಯುತ್ತೆ. ಸವೆದ ಜಾಗದಲ್ಲಿ ಸಂಪರ್ಕ ಕಡಿಯುತ್ತೆ. ಖಾಲಿಗೆ ಹೆಚ್ಚು ಓಮ್ಸ್ ಇರೋ ಗಾಡಿಗಳಲ್ಲಿ ಸಂಪರ್ಕ ಕಡಿದ್ರೆ ಮೀಟರ್ ಅದನ್ನ ಖಾಲಿ ಅಂತಲೇ ಓದುತ್ತೆ.

ಖಚಿತ ಮಾಡ್ಕೊಳ್ಳೋಕೆ ಕಾಲು ಟ್ಯಾಂಕ್ ಇರುವಾಗ ಇಗ್ನಿಷನ್ ಆಫ್ ಮಾಡಿ ಹಿಂದಿನ ಸೀಟ್ ಎತ್ತಿ. ಕೆಳಗಿನ ಮುಚ್ಚಳ ತೆಗೆದು ಸಾಕೆಟ್ ಕಳಚಿ. ದಪ್ಪ ವೈರ್‌ಗಳು ಸಾಮಾನ್ಯವಾಗಿ ಟ್ಯಾಂಕಿನೊಳಗಿನ ಫ್ಯೂಯಲ್ ಪಂಪಿನವು, ಸಣ್ಣವು ಸೆಂಡರಿನವು. ಬಣ್ಣ ಗಾಡಿಯಿಂದ ಗಾಡಿಗೆ ಬೇರೆ, ವೈರಿಂಗ್ ನಕ್ಷೆ ನೋಡಿ. ಟ್ಯಾಂಕ್ ಕಡೆಯ ಸೆಂಡರ್ ಪಿನ್‌ಗಳಿಗೆ ಮಲ್ಟಿಮೀಟರ್ 200 ಓಮ್ ರೇಂಜಲ್ಲಿ ಹಿಡಿದು, ಇನ್ನೊಬ್ಬರಿಗೆ ಗಾಡಿ ಅಲ್ಲಾಡಿಸೋಕೆ ಹೇಳಿ. ಅಂಕಿ ನಯವಾಗಿ ಏರಿಳಿದ್ರೆ ಪಟ್ಟಿ ಚೆನ್ನಾಗಿದೆ. ನಡುನಡುವೆ ಓಎಲ್ (OL, ಅಂದ್ರೆ ಸಂಪರ್ಕ ಕಡಿದಿದೆ) ಅಂತ ಹಾರಿದ್ರೆ ಸವೆದಿದೆ.

ಉತ್ತರ 2:
ಸೆಂಡರ್ ಬಿಚ್ಚೋ ಮುಂಚೆ ಅರ್ತಿಂಗ್ ನೋಡಿ, ಅಂದ್ರೆ ವೈರನ್ನ ಗಾಡಿಯ ಬಾಡಿಗೆ ಬೋಲ್ಟ್ ಹಾಕಿ ಜೋಡಿಸಿರೋ ಜಾಗ. ಕೆಲವು ಗಾಡಿಗಳಲ್ಲಿ ಪಂಪ್, ಸೆಂಡರ್ ಎರಡಕ್ಕೂ ಒಂದೇ ಅರ್ತ್. ಪಂಪ್ 4 ಆಂಪಿಯರ್ ಎಳೆಯುವಾಗ ತುಕ್ಕು ಹಿಡಿದ ಬೋಲ್ಟಲ್ಲಿ 0.3 ಓಮ್ ಇದ್ರೂ ಸಾಕು, 1.2 ವೋಲ್ಟ್ ಅಲ್ಲೇ ಹೋಗುತ್ತೆ. ಅದರ ಗುರುತು: ಇಗ್ನಿಷನ್ ಆನ್ ಇದ್ದು ಇಂಜಿನ್ ಆಫ್ ಇದ್ದಾಗ ಮುಳ್ಳು ಸರಿ, ಸ್ಟಾರ್ಟ್ ಮಾಡಿದ್ರೆ ಇಳಿಯುತ್ತೆ. ಬೋಲ್ಟ್ ಬಿಚ್ಚಿ ಲೋಹ ಹೊಳೆಯೋವರೆಗೆ ಉಜ್ಜಿ ಮತ್ತೆ ಬಿಗಿದ್ರೆ ಮುಗೀತು.

ಇನ್ನು 80 ಕಿ.ಮೀ.ವರೆಗೆ ಫುಲ್ ತೋರಿಸೋದು ದೋಷವೇ ಅಲ್ಲ. ಟ್ಯಾಂಕ್ ತುಂಬೋ ಮುಂಚೆಯೇ ಫ್ಲೋಟ್ ಮೇಲಿನ ಮಿತಿ ಮುಟ್ಟುತ್ತೆ. ಬಂಕಲ್ಲಿ ಗನ್ ಕಟ್ ಆದ ಮೇಲೂ ಹಾಕಿಸೋದು ಆ ಮಿತಿಗಿಂತ ಮೇಲೆ ನಿಲ್ಲುತ್ತೆ. ಇ20ರಲ್ಲಿ (20% ಎಥನಾಲ್ ಬೆರೆಸಿದ ಪೆಟ್ರೋಲ್) ಶಕ್ತಿಯೇ ಸುಮಾರು 6-7% ಕಡಿಮೆ, ಹಾಗಾಗಿ ಮುಳ್ಳು ಬೇಗ ಇಳಿದಂತೆ ಕಂಡ್ರೆ ಅದಕ್ಕೂ ಗೇಜ್ ಹೊಣೆಯಲ್ಲ.

ಪ್ರಶ್ನೆ ಕೇಳಿದವರು:
ಅರ್ತ್ ಸರಿ ಇದೆ. ಸೆಂಡರ್ 74 ಓಮ್, ಅಲ್ಲಾಡಿಸಿದ್ರೆ ಓಎಲ್. ಉಪ್ಪುಕಾಗದದಲ್ಲಿ ಉಜ್ಜಿದ್ರೆ ಸರಿಹೋಗುತ್ತಾ?

ಉತ್ತರ 1:
ಅಯ್ಯೋ ಬೇಡ! ಆ ಪಟ್ಟಿ ಪಿಂಗಾಣಿ ಮೇಲೆ ಬಳಿದ ತೆಳು ಪದರ, ಉಜ್ಜಿದ್ರೆ ಉಳಿದದ್ದೂ ಹೋಗುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸಿ. ಕೊಳೆ ಮಾತ್ರ ಆಗಿದ್ರೆ ಅಷ್ಟಕ್ಕೇ ಸರಿಹೋಗುತ್ತೆ. ಗೀರು ಬಿದ್ದಿದ್ರೆ ಲೋಹದ ಬೆರಳಿನ ತುದಿಯನ್ನ ಅರ್ಧ ಮಿ.ಮೀ. ಪಕ್ಕಕ್ಕೆ ಬಗ್ಗಿಸಿ, ಸವೆಯದ ಜಾಗದಲ್ಲಿ ಕೂರುತ್ತೆ. ಫ್ಲೋಟಿನ ಕಡ್ಡಿ ಬಗ್ಗಿಸಬೇಡಿ, ಎಲ್ಲ ಮಟ್ಟವೂ ತಪ್ಪುತ್ತೆ. ಇದು ತಾತ್ಕಾಲಿಕ ಉಪಾಯ. ಸೆಂಡರ್ ಬಿಡಿಯಾಗಿ ಸಿಗುತ್ತಾ ಕೇಳಿ, ಪೂರ್ತಿ ಪಂಪ್ ಸೆಟ್ ಕೊಳ್ಳೋದು ದಂಡ.

ಬಿಚ್ಚುವಾಗ ಟ್ಯಾಂಕ್ ಕಾಲಿಗಿಂತ ಕಡಿಮೆ ಇರಲಿ. ಬ್ಯಾಟರಿ ನೆಗೆಟಿವ್ ತೆಗೀರಿ, ಬಯಲಲ್ಲೇ ಕೆಲಸ ಮಾಡಿ, ಹತ್ತಿರ ಬೆಂಕಿ, ಕಿಡಿ ಏನೂ ಇರಬಾರದು. ಪಂಪ್ ಸೆಟ್ಟನ್ನ ಟ್ಯಾಂಕಿಗೆ ಬಿಗಿದಿರೋ ಲಾಕ್ ರಿಂಗನ್ನ ಕಬ್ಬಿಣದ ಉಳಿಯಿಂದ ಬಡೀಬೇಡಿ, ಗಟ್ಟಿ ಮರದ ತುಂಡು ಸಾಕು. ಅದರಡಿಯ ಹಳೇ ಓ-ರಿಂಗ್ (ಸೋರದಂತೆ ತಡೆಯೋ ರಬ್ಬರ್ ಬಳೆ) ಪೆಟ್ರೋಲ್ ಕುಡಿದು ಹಿಗ್ಗಿರುತ್ತೆ, ತೋಡಿನಲ್ಲಿ ಕೂರಲ್ಲ. ಹೊಸದು ತಂದಿಟ್ಟುಕೊಂಡೇ ಬಿಚ್ಚಿ. ಫ್ಲೋಟನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಗಳಗಳ ಅಂದ್ರೆ ಪೆಟ್ರೋಲ್ ಹೊಕ್ಕಿದೆ, ಅದನ್ನೂ ಬದಲಿಸಬೇಕು.