ಕೇಸ್ ಬಾಕಿ ಇದ್ದರೆ ಪಾಸ್‌ಪೋರ್ಟ್ ನವೀಕರಣ ಹೇಗೆ?

ಪ್ರಶ್ನೆ: ತಮ್ಮನ ಮೇಲೆ ಮಂಗಳೂರಿನ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಹೊಡೆದಾಟದ ಕೇಸ್ ಇದೆ, ಜಾಮೀನು ಸಿಕ್ಕಿದೆ. ದುಬೈ ಕೆಲಸಕ್ಕೆ ಪಾಸ್‌ಪೋರ್ಟ್ ನವೀಕರಿಸಬೇಕು. ಅರ್ಜಿಯಲ್ಲಿ ಕೇಸ್ ವಿಷಯ ಬರೀಬೇಡಿ ಅಂತಾರೆ ಏಜೆಂಟ್. ಸರಿನಾ?

ಉತ್ತರ 1: ಏಜೆಂಟ್ ಮಾತು ಕೇಳಬೇಡಿ. ಮುಚ್ಚಿಟ್ಟು ಪಡೆದ ಪಾಸ್‌ಪೋರ್ಟನ್ನು 1967ರ ಪಾಸ್‌ಪೋರ್ಟ್ ಕಾಯ್ದೆಯ 10(3)(ಬಿ) ಅಡಿ ಜಪ್ತಿ ಮಾಡಬಹುದು. 12ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲೂ ಇದೆ. ಮೊದಲು ನೋಡಬೇಕಾದ್ದು, ಕೋರ್ಟ್ ಕಾಗ್ನಿಜೆನ್ಸ್ ತಗೊಂಡಿದೆಯಾ, ಅಂದರೆ ಕೇಸನ್ನ ವಿಚಾರಣೆಗೆ ಪರಿಗಣಿಸಿದೆಯಾ ಅಂತ. ಬರೀ ಎಫ್‌ಐಆರ್, ತನಿಖೆ ಹಂತದಲ್ಲಿದ್ದರೆ ಕೋರ್ಟಲ್ಲಿ ಕ್ರಿಮಿನಲ್ ಕೇಸ್ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸೋ 6(2)(ಎಫ್) ಕಲಮು ಅನ್ವಯಿಸಲ್ಲ ಅಂತ ವಿದೇಶಾಂಗ ಸಚಿವಾಲಯವೇ 2019ರಲ್ಲಿ ಸ್ಪಷ್ಟಪಡಿಸಿದೆ.

ಉತ್ತರ 2: ಕಾಗ್ನಿಜೆನ್ಸ್ ಆಗಿದ್ದರೂ ದಾರಿ ಇದೆ: ಕೇಸ್ ಬಾಕಿ ಇರೋರಿಗೆ ಕೋರ್ಟ್ ಅನುಮತಿ ಮೇಲೆ ವಿನಾಯಿತಿ ಕೊಡೋ ಕೇಂದ್ರ ಸರ್ಕಾರದ 1993ರ ಜಿಎಸ್‌ಆರ್ 570(ಇ) ಅಧಿಸೂಚನೆ. ಅದೇ ಕೋರ್ಟಿಂದ ವಿದೇಶ ಪ್ರಯಾಣಕ್ಕೆ ಅನುಮತಿ ಆದೇಶ ಪಡೆದು, ಮುಚ್ಚಳಿಕೆ ಜತೆ ಕೊಡಬೇಕು. ಎಡವಟ್ಟಾಗೋದು ಆದೇಶದ ಒಕ್ಕಣೆಯಲ್ಲಿ. ಅವಧಿ ನಮೂದಿಸದೆ ಬರೀ 'ಅನುಮತಿಸಿದೆ' ಅಂತಿದ್ದರೆ ಸಿಗೋದು 1 ವರ್ಷದ ಪಾಸ್‌ಪೋರ್ಟ್ ಮಾತ್ರ. ಅಷ್ಟರಲ್ಲಿ ದುಬೈ ಕೆಲಸ ಎಲ್ಲಿ ನಡೆಯುತ್ತೆ? ಹಾಗಾಗಿ ಪಾಸ್‌ಪೋರ್ಟ್ ಎಷ್ಟು ವರ್ಷಕ್ಕೆ ಅನ್ನೋದನ್ನ ವಕೀಲರು ಅರ್ಜಿಯ ಪ್ರಾರ್ಥನೆಯಲ್ಲೇ ಕೇಳಲಿ. ಜಾಮೀನು ಷರತ್ತಲ್ಲಿ 'ಕೋರ್ಟ್ ವ್ಯಾಪ್ತಿ ಬಿಟ್ಟು ಹೋಗಬಾರದು' ಅಂತಿದ್ದರೆ ಅದರ ಸಡಿಲಿಕೆಗೂ ಕೇಳಬೇಕು. ಇದನ್ನ ಮರೆಯೋರೇ ಜಾಸ್ತಿ.

ಉತ್ತರ 3: ಪಾಸ್‌ಪೋರ್ಟ್ ಕೈಲಿದ್ದರೂ ಲುಕ್ ಔಟ್ ಸರ್ಕ್ಯುಲರ್ (ದೇಶ ಬಿಡದಂತೆ ತಡೆಯೋಕೆ ಇಮಿಗ್ರೇಷನ್‌ಗೆ ಕೊಡೋ ಸೂಚನೆ) ಇದ್ದರೆ ಇಮಿಗ್ರೇಷನ್ ಕೌಂಟರಲ್ಲೇ ತಡೀತಾರೆ. ಮುಂಚೆ ನೋಟಿಸ್ ಬರಲ್ಲ. ಆ ಸರ್ಕ್ಯುಲರ್ ಕೋರಿದ ಪೊಲೀಸರೇ ಅದನ್ನ ತೆಗೆಸಬೇಕು, ಅಥವಾ ಹೈಕೋರ್ಟಿಗೆ ರಿಟ್ ಹಾಕಬೇಕು. ಮಾಮೂಲಿ ಹೊಡೆದಾಟದ ಕೇಸಲ್ಲಿ, ತಪ್ಪದೆ ಹಾಜರಾಗ್ತಿದ್ದರೆ, ಸಾಮಾನ್ಯವಾಗಿ ಇರಲ್ಲ. ವಾರಂಟ್ ಬಾಕಿ ಇದೆಯಾ ನೋಡ್ಕೊಳಿ. ಇನ್ನೊಂದು, ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಅಂದರೆ ಯುಎಇಗೆ ಇಸಿಆರ್ ಕ್ಲಿಯರೆನ್ಸ್ (ವಿದೇಶಕ್ಕೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಅನುಮತಿ) ಬೇರೆ ಬೇಕಾಗಬಹುದು.