ರಾತ್ರಿ ಲೈವ್ ರಾಕ್ ಒಳಗಿಂದ ‘ಟಕ್’ ಸದ್ದು, ಚೂರಾದ ಬಸವನಹುಳು: ಕಲ್ಲು ಕುದಿಸಬೇಕಾ?

ಉಪ್ಪುನೀರು:
120 ಲೀಟರ್ ಸಮುದ್ರನೀರಿನ ಅಕ್ವೇರಿಯಂ ಟ್ಯಾಂಕ್, 14 ಕೆಜಿ ಲೈವ್ ರಾಕ್ (ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು), ಹಾಕಿ ಮೂರು ವಾರ. ಅಮೋನಿಯಾ, ನೈಟ್ರೈಟ್ ಸೊನ್ನೆ. ಮೀನು ಇನ್ನೂ ಬಿಟ್ಟಿಲ್ಲ. ದೀಪ ಆರಿಸಿದ ಮೇಲೆ ಕಲ್ಲೊಳಗಿಂದ ‘ಟಕ್, ಟಕ್’ ಅಂತ ಸದ್ದು ಬರುತ್ತದೆ. ಇವತ್ತು ಒಂದು ಬಸವನಹುಳುವಿನ ಚಿಪ್ಪು ಒಡೆದು ಬಿದ್ದಿದೆ, ಒಳಗೆ ಹುಳು ಇಲ್ಲ. ಜೊತೆಗೆ ಗಾಜಿನಂತೆ ತೆಳುವಾದ ಕಂದು ಅನಿಮೋನ್ (ಹೂವಿನಂತೆ ಕಾಣುವ ಸಮುದ್ರಜೀವಿ) ಮೂರು, ಬೆರಳುದ್ದದ ಗುಲಾಬಿ ಹುಳು ಒಂದು. ಹುಳುವಿನ ಎರಡೂ ಪಕ್ಕ ಬಿಳಿ ರೋಮ. ಕಲ್ಲನ್ನೆಲ್ಲ ಕುದಿಸಿ ಮೊದಲಿನಿಂದ ಶುರು ಮಾಡುವುದೇ ಒಳ್ಳೆಯದಾ?

ಹವಳದಂಡೆ:
ದಯವಿಟ್ಟು ಕುದಿಸಬೇಡಿ. ಲೈವ್ ರಾಕ್ ಮೇಲೆ ಜೋಯಾಂಥಿಡ್, ಪ್ಯಾಲಿಥೋವಾ ಎಂಬ ಹವಳದಂಥ ಜೀವಿಗಳು ಅಂಟಿಕೊಂಡಿದ್ದರೆ ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷ ಇರಬಹುದು. ಕುದಿಸಿದಾಗ ಅದು ಹಬೆಯ ಜೊತೆ ಉಸಿರಿಗೆ ಸೇರುತ್ತದೆ. ಹೀಗೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಬಿಸಿನೀರು ಸುರಿಯುವುದೂ ಬೇಡ.

ಈಗ ಸದ್ದಿನ ವಿಷಯ. ಸದ್ದು ಮಾಡುವವು ಮುಖ್ಯವಾಗಿ ಎರಡು: ಪಿಸ್ತೂಲ್ ಸಿಗಡಿ, ಮ್ಯಾಂಟಿಸ್ ಶ್ರಿಂಪ್ (ಸಿಗಡಿಯಂತೆ ಕಾಣುವ, ಬೇಟೆಯನ್ನು ಗುದ್ದುವ ಜೀವಿ). ಪಿಸ್ತೂಲ್ ಸಿಗಡಿಗೆ ಒಂದು ಕೊಂಡಿ ಮಾತ್ರ ದಪ್ಪ. ಅದನ್ನು ಟ್ಯಾಂಕಿನಲ್ಲೇ ಬಿಡಬಹುದು. ಆದರೆ ಚಿಪ್ಪು ಒಡೆದಿದೆ ಅಂದರೆ ನನ್ನ ಅನುಮಾನ ಮ್ಯಾಂಟಿಸ್ ಮೇಲೆ. ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಪಕ್ಕದ ಗೋಡೆಯಲ್ಲಿ ಗುದ್ದಿದ ಹಾಗೆ ತೂತಿದ್ದರೆ ಅದು ಮ್ಯಾಂಟಿಸ್‌ನ ಕೆಲಸ. ಬಾಯಿಯ ಅಂಚಿನಿಂದ ಸ್ವಲ್ಪಸ್ವಲ್ಪವೇ ಕಿತ್ತ ಹಾಗಿದ್ದರೆ ಏಡಿ.

ಬಿಲ ಹುಡುಕಲು ಟಾರ್ಚಿಗೆ ಕೆಂಪು ಹಾಳೆ ಕಟ್ಟಿ, ದೀಪ ಆರಿಸಿದ ಒಂದು ಗಂಟೆಯ ನಂತರ ನೋಡಿ. ಮ್ಯಾಂಟಿಸ್‌ನ ಬಿಲ ದುಂಡಗೆ, ಗುಡಿಸಿಟ್ಟ ಹಾಗೆ ಇರುತ್ತದೆ; ಬಾಗಿಲಲ್ಲಿ ಚಿಪ್ಪಿನ ಚೂರು ಬಿದ್ದಿರಬಹುದು. ತುಸು ಹೊತ್ತು ಅಲುಗಾಡದೆ ಕೂತರೆ ದಂಟಿನ ಮೇಲಿನ ಎರಡು ಕಣ್ಣು ಹೊರಗೆ ಇಣುಕುತ್ತವೆ, ಒಂದು ಇತ್ತ ತಿರುಗಿದರೆ ಇನ್ನೊಂದು ಅತ್ತ.

ಬಿಲ ಸಿಕ್ಕಿದರೆ ಆ ಒಂದು ಕಲ್ಲನ್ನಷ್ಟೇ ಹೊರತೆಗೆಯಿರಿ. ಖಾಲಿ ಬಕೆಟ್ ಮೇಲೆ ಬಿಲದ ಬಾಯಿ ಕೆಳಮುಖವಾಗುವಂತೆ ಹಿಡಿದು, ಸಕ್ಕರೆ, ರುಚಿ ಏನೂ ಇಲ್ಲದ ಬರೀ ಸೋಡಾ ನೀರನ್ನು ಸಿರಿಂಜಿನಲ್ಲಿ 20 ಮಿ.ಲೀ.ಯಷ್ಟು ಒಳಗೆ ಬಿಡಿ. ಉಸಿರುಕಟ್ಟಿ ಅದೇ ಹೊರಗೆ ಬೀಳುತ್ತದೆ. ಬೀಳದಿದ್ದರೆ ಇನ್ನೊಮ್ಮೆ. ಬಿಲದೊಳಗೆ ಬೆರಳು ಹಾಕಬೇಡಿ, ಹೊಡೆತಕ್ಕೆ ಚರ್ಮ ಸೀಳುತ್ತದೆ. ಬಕೆಟ್‌ಗೆ ಬಿದ್ದದ್ದನ್ನು ಬಲೆಯಲ್ಲಿ ಎತ್ತಿ ಬೇರೆ ಸಣ್ಣ ಟ್ಯಾಂಕಿಗೆ ಬಿಡಿ; ಒಂಟಿಯಾಗಿ ಸಾಕಿದರೆ ತುಂಬ ಚೆಂದದ ಜೀವಿ.

ಅಲೆಮಾಲೆ:
ಅನಿಮೋನ್ ಬಗ್ಗೆ ನಾನು ಹೇಳುತ್ತೇನೆ. ನೀವು ಬರೆದಿರುವುದು ಐಪ್ಟೇಸಿಯಾ ಎಂಬ, ಬೇಗ ಹಬ್ಬುವ ಅನಿಮೋನ್‌ನ ಲಕ್ಷಣ. ಕೆರೆಯಬೇಡಿ, ಕತ್ತರಿಸಲೂಬೇಡಿ. ಪಾದದ ಒಂದು ಚೂರು ಕಲ್ಲಿನಲ್ಲಿ ಉಳಿದರೂ ಅದೇ ಹೊಸ ಅನಿಮೋನ್ ಆಗುತ್ತದೆ. ಮೂರಿದ್ದದ್ದು ಮೂವತ್ತಾಗುವುದು ಹೀಗೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಸುಣ್ಣ) ಪುಡಿಗೆ ಹನಿಹನಿ ಆರ್‌ಓ ನೀರು ಸೇರಿಸಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ. ಪಂಪ್ ನಿಲ್ಲಿಸಿ, ಮೊಂಡು ಸೂಜಿಯ ಸಿರಿಂಜನ್ನು ನಿಧಾನವಾಗಿ ಹತ್ತಿರ ತನ್ನಿ. ಬಡಿದರೆ ಅದು ತೂತಿನೊಳಗೆ ಮುದುಡಿಕೊಳ್ಳುತ್ತದೆ. ಬಾಯಿಯ ಮೇಲೆ ಸುಮಾರು ಅರ್ಧ ಮಿ.ಲೀ. ಹಾಕಿ ಮುಚ್ಚಿ, ಕಾಲು ಗಂಟೆ ಬಿಟ್ಟು ಪಂಪ್ ಹಾಕಿ. ನಿಮ್ಮ ಅಳತೆಯ ಟ್ಯಾಂಕಿಗೆ ದಿನಕ್ಕೆ ಒಂದೆರಡೇ ಸಾಕು, ಸುಣ್ಣ ಹೆಚ್ಚಾದರೆ ಪಿಎಚ್ ಏರುತ್ತದೆ. ಕೈಗವಸು, ಕನ್ನಡಕ ಇರಲಿ.

ಪೆಪರ್ಮಿಂಟ್ ಸಿಗಡಿ ತಿನ್ನುತ್ತದೆ, ಆದರೆ ಎಲ್ಲವೂ ತಿನ್ನುವುದಿಲ್ಲ. ಅದರ ಹೆಸರಿನಲ್ಲಿ ಒಂಟೆ ಸಿಗಡಿಯನ್ನು ಕೊಡುವುದೂ ಉಂಟು. ಬೆನ್ನಲ್ಲಿ ಗೂನು, ಕೆಂಪು ಗೆರೆಗಳ ನಡುವೆ ಬಿಳಿ ಗೆರೆ ಇದ್ದರೆ ತರಬೇಡಿ, ಅದು ಹವಳ ತಿನ್ನುತ್ತದೆ. ಬರ್ಗಿಯಾ ಎಂಬ ಸಮುದ್ರ ಗೊಂಡೆಹುಳು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನದು. ಮೂರು ಅನಿಮೋನ್ ಮುಗಿದ ಮೇಲೆ ಹಸಿವಿನಿಂದ ಸಾಯುತ್ತದೆ. ನಿಮಗೆ ಸುಣ್ಣವೇ ಸರಿ.

ಕಲ್ಲೇಡಿ:
ಗುಲಾಬಿ ಹುಳುವನ್ನು ಬಿಟ್ಟುಬಿಡಿ. ಅದು ಬ್ರಿಸಲ್ ವರ್ಮ್. ಉಳಿದ ಆಹಾರ, ಸತ್ತದ್ದು ಎಲ್ಲ ತಿಂದು ನೀರು ಕೆಡದಂತೆ ನೋಡಿಕೊಳ್ಳುತ್ತದೆ. ರೋಮದ ಗೊಂಚಲುಗಳ ಬುಡದಲ್ಲಿ ಕೆಂಪು ಕಿವಿರಿನ ಪೊದೆ, ತಲೆಯ ಮೇಲೆ ಮಡಿಕೆಮಡಿಕೆಯಾದ ಗಡ್ಡೆ ಕಂಡರೆ ಮಾತ್ರ ಬೆಂಕಿಹುಳು, ಅದನ್ನು ಚಿಮಟದಿಂದ ತೆಗೆಯಿರಿ. ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ರೋಮ ಚುಚ್ಚಿದರೆ ಉಜ್ಜದೆ, ಅಂಟು ಟೇಪ್ ಒತ್ತಿ ಕೀಳಿ.

ಉಪ್ಪುನೀರು:
ಚಿಪ್ಪಿನ ಪಕ್ಕದಲ್ಲೇ ತೂತಿದೆ. ಬಿಲವಿರುವ ಕಲ್ಲು ತಳದಲ್ಲಿ ಸಿಕ್ಕಿಕೊಂಡಿದೆ. ಟ್ಯಾಂಕ್ ಒಳಗೇ ಸೋಡಾ ಬಿಟ್ಟರೆ?

ಹವಳದಂಡೆ:
ಕೆಲವು ಮಿ.ಲೀ. ಸೇರಿದರೆ 120 ಲೀಟರಿಗೆ ಏನೂ ಆಗದು. ಆದರೆ ನೀರೊಳಗೆ ಸೋಡಾ ಕ್ಷಣದಲ್ಲೇ ತೆಳುವಾಗುತ್ತದೆ, ಮ್ಯಾಂಟಿಸ್ ಇನ್ನೊಂದು ತೂತಿನಿಂದ ಜಾರಿಕೊಳ್ಳುತ್ತದೆ. ಬಾಟಲಿ ಸುರಿದರೆ ಪಿಎಚ್ ಕುಸಿಯುತ್ತದೆ. ಮೀನು ಇನ್ನೂ ಇಲ್ಲವಲ್ಲ, ಮೇಲಿನ ಕಲ್ಲುಗಳನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ಗಳಲ್ಲಿ ಮುಳುಗಿಸಿಟ್ಟು ತಳದ ಕಲ್ಲು ಬಿಡಿಸಲು ಇದೇ ಸಮಯ. ಎತ್ತುವಾಗ ಬಿಲದ ಬಾಯಿಗೆ ಬಲೆ ಅಡ್ಡ ಹಿಡಿಯಿರಿ. ಕಲ್ಲು ನೀರು ಬಿಡುವ ಹೊತ್ತಿಗೆ ಹಾರುವುದು ಅದರ ಅಭ್ಯಾಸ.