ಸೌತ್ ಪಾರ್ಕ್ ಹೊಸ ಕಂತುಗಳು: ವಿಡಂಬನೆಯೋ, ಟ್ರಂಪ್ ಪುರಾಣವೋ?

ಒಂಟಿಕೊಪ್ಪಲಿನವ: ಅಮೆರಿಕದ ಟಿವಿ ಕಾರ್ಟೂನ್ ಸೌತ್ ಪಾರ್ಕ್‌ನ 27 ಮತ್ತು 28ನೆಯ ಸರಣಿಗಳನ್ನು ನೋಡಿ ಮುಗಿಸಿದೆ. ನಿರಾಸೆಯಾಯಿತು. 1997ರಿಂದ ಇದು ಕಾರ್ಟ್‌ಮನ್, ಸ್ಟ್ಯಾನ್, ಕೈಲ್, ಕೆನ್ನಿ ಎಂಬ ನಾಲ್ವರು ಹುಡುಗರ ಕಥೆ. ಈಗ ಹುಡುಗರು ಮೂಲೆಗುಂಪು. ಟ್ರಂಪ್ ಸೈತಾನನ ಮಂಚವೇರಿದ್ದಾನೆ. ಮೊದಲ ಸಲ ನಕ್ಕೆ. ಆಮೇಲೂ ಅದೇ ಮಂಚವೆಂದರೆ ಹೇಗೆ? ಸಾಲದ್ದಕ್ಕೆ, ಐದೇ ಕಂತಿಗೆ 27ನ್ನು ಮುಗಿಸಿ ಮುಂದಿನದಕ್ಕೆ 28 ಎಂಬ ಹಣೆಪಟ್ಟಿ ಬೇರೆ.

ಮಂಡ್ಯದ ಕಬ್ಬು: ಮೂಲೆಗುಂಪೇ? ಮೊದಲ ಕಂತಿನಲ್ಲೇ ಎನ್‌ಪಿಆರ್ ರೇಡಿಯೊ ನಿಂತುಹೋಯಿತೆಂದು ಗೋಳಾಡುವವನು ಯಾರು ಸ್ವಾಮಿ, ಕಾರ್ಟ್‌ಮನ್ ಅಲ್ಲವೇ? ಎರಡನೆಯದರಲ್ಲಿ ಶಾಲೆಯ ಮಿಸ್ಟರ್ ಮ್ಯಾಕಿ ಕೆಲಸ ಕಳೆದುಕೊಂಡು, ಹೊಟ್ಟೆಪಾಡಿಗೆ ವಲಸಿಗರನ್ನು ಹಿಡಿಯುವ ದಳ ಸೇರುತ್ತಾನೆ. ಇದನ್ನು ಪ್ರಸಾರ ಮಾಡುವ ಪ್ಯಾರಾಮೌಂಟ್ ಕಂಪನಿಯ ಜತೆ ಐದು ವರ್ಷಕ್ಕೆ 150 ಕೋಟಿ ಡಾಲರ್‌ನ ಒಪ್ಪಂದವಾದ ಬೆನ್ನಿಗೇ ಇದರ ಸೃಷ್ಟಿಕರ್ತರಾದ ಪಾರ್ಕರ್ ಮತ್ತು ಸ್ಟೋನ್ ಅದೇ ಪ್ಯಾರಾಮೌಂಟ್‌ನ ಮಾನ ಹರಾಜು ಹಾಕಿದರು. ಇಂಥ ಧೈರ್ಯ ಬೇರೆ ಯಾರಿಗಿದೆ?

ಮದ್ದೂರು ವಡೆ: 150 ಕೋಟಿ ಡಾಲರ್ ಖಾತ್ರಿಯಾದ ಮೇಲೆ ನನಗೂ ಧೈರ್ಯ ಬರುತ್ತದೆ.

ಒಂಟಿಕೊಪ್ಪಲಿನವ: ಧೈರ್ಯವೆಂದರೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರದು. ಯಾರನ್ನೂ ಮಂಚಕ್ಕೆ ಹತ್ತಿಸದೆ, ಚೌಕಳಿ ಕೋಟಿನ ಒಬ್ಬ ಮೂಕ ಮುದುಕನನ್ನು ಪಕ್ಕದಲ್ಲಿ ನಿಲ್ಲಿಸಿಯೇ ಪ್ರಧಾನಿಗಳ ಬೆವರಿಳಿಸಿದರು.

ಮಂಡ್ಯದ ಕಬ್ಬು: ಲಕ್ಷ್ಮಣ್ ಬರೆದದ್ದು ದಿನಕ್ಕೊಂದು ಚಿತ್ರ. ಪಾರ್ಕರ್ ಮತ್ತು ಸ್ಟೋನ್ ಇಡೀ ಕಂತನ್ನೇ ಆರು ದಿನಗಳಲ್ಲಿ ಕಟ್ಟುತ್ತಾರೆ. ಹೋದ ವಾರದ ಸುದ್ದಿ ಈ ವಾರ ಪರದೆಯ ಮೇಲಿರುತ್ತದೆ.

ಮದ್ದೂರು ವಡೆ: ಆರು ದಿನದ ಬಡಾಯಿ ಬೇಡ. 2025ರ ಸೆಪ್ಟೆಂಬರ್ 17ಕ್ಕೆ ಬರಬೇಕಿದ್ದ ಕಂತು ಬರಲೇ ಇಲ್ಲ. ಸ್ಟುಡಿಯೊದಲ್ಲಿ ಕರೆಂಟ್ ಹೋಗಿತ್ತಂತೆ.

ಮಂಡ್ಯದ ಕಬ್ಬು: ಕರೆಂಟ್ ಹೋದದ್ದು 2013ರ ಅಕ್ಟೋಬರ್‌ನಲ್ಲಿ. ಈ ಸಲ ಎಲ್ಲವನ್ನೂ ಕೊನೆ ಗಳಿಗೆಗೆ ಇಟ್ಟುಕೊಂಡು ಮುಗಿಸಲಾಗಲಿಲ್ಲ, ತಪ್ಪು ತಮ್ಮದೇ ಎಂದು ಅವರೇ ಹೇಳಿದರು. ಮುಂದಿನ ವಾರ ಕಂತು ಬಂತು.

ಮದ್ದೂರು ವಡೆ: ಅಂತೂ ಕರೆಂಟ್ ಹೋದದ್ದು ನಿಜ ತಾನೇ! ಅಷ್ಟು ದೊಡ್ಡ ಸ್ಟುಡಿಯೊಗೆ ಒಂದು ಜನರೇಟರ್ ಗತಿಯಿಲ್ಲವೇ? ನಮ್ಮ ಹೆದ್ದಾರಿ ಬದಿಯ ಕಬ್ಬಿನ ಹಾಲಿನ ಗಾಡಿಗೂ ಡೀಸೆಲ್ ಎಂಜಿನ್ ಇರುತ್ತದೆ.

ಒಂಟಿಕೊಪ್ಪಲಿನವ: ಕರೆಂಟಿನ ವಿಷಯ ಮೈಸೂರಿನವರ ಮುಂದೆ ತೆಗೆಯಬೇಡಿ. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿದವರು ನಾವು.

ಗಗನಚುಕ್ಕಿ: ನಾವು ಎಂದರೆ ಯಾರು? ವಿದ್ಯುದಾಗಾರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಮಂಡ್ಯ ಜಿಲ್ಲೆ!

ಒಂಟಿಕೊಪ್ಪಲಿನವ: ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. 1902ರಲ್ಲಿ ತಾವೂ ಮೈಸೂರು ಜಿಲ್ಲೆಯವರೇ.

ಗಗನಚುಕ್ಕಿ: ಜಿಲ್ಲೆಯ ಗಡಿ ಯಾವನಾದರೂ ಎಳೆದುಕೊಳ್ಳಲಿ, ನೀರು ಧುಮುಕಿದ್ದು ನಮ್ಮ ನೆಲದಲ್ಲಿ. ಆ ಕರೆಂಟ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ನಿಮ್ಮ ಒಂಟಿಕೊಪ್ಪಲಿಗಲ್ಲ. ಅರಮನೆಗೆ ಸಾಲು ಬಲ್ಬು ಕಟ್ಟಿದಾಕ್ಷಣ ವಿದ್ಯುತ್ತಿಗೆ ವಾರಸುದಾರರಾಗಿಬಿಟ್ಟಿರಾ?

ಒಂಟಿಕೊಪ್ಪಲಿನವ: ಅರಮನೆಯ ಸುದ್ದಿಗೆ ಬರಬೇಡಿ. ಆ ಯೋಜನೆಗೆ ಹಣ ಹೂಡಿದ್ದು ಮೈಸೂರು ಸಂಸ್ಥಾನ.

ಗಗನಚುಕ್ಕಿ: ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ಕಟ್ಟಿದ್ದು ಯಾರು? ನಮ್ಮ ಮುತ್ತಾತ!

ಪಡುವಾರಹಳ್ಳಿ: ಅಣ್ಣಂದಿರೇ, ಅಪ್ಪಿತಪ್ಪಿ ಸೌತ್ ಪಾರ್ಕ್ ನೋಡಿದವರು ಯಾರಾದರೂ ಇದ್ದರೆ ಒಂದು ಮಾತು. ಆ ಮಂಚವನ್ನು ಸುಮ್ಮನೆ ತಂದು ಹಾಕಿಲ್ಲ. 1999ರ ಸೌತ್ ಪಾರ್ಕ್ ಚಲನಚಿತ್ರದಲ್ಲಿ ಸೈತಾನನ ಪಕ್ಕ ಮಲಗಿದ್ದವನು ಸದ್ದಾಂ ಹುಸೇನ್. ನಿಜವಾದ ಫೋಟೊದಿಂದ ತಲೆಯನ್ನು ಕತ್ತರಿಸಿ ಬೊಂಬೆಯ ಮೈಗೆ ಅಂಟಿಸಿದಂತೆ ಅವನನ್ನು ತೋರಿಸಿದ್ದರು. ಟ್ರಂಪ್‌ಗೂ ಈಗ ಅದೇ ಫೋಟೊ ತಲೆ. ನೀನು ನನ್ನ ಹಳೆಯ ಗೆಳೆಯನಂತೆಯೇ ಕಾಣುತ್ತೀಯೆ ಎಂದು ಸೈತಾನನೇ ಗೊಣಗುತ್ತಾನೆ. ಸೈತಾನನಿಗೂ ಸಾಕಾಗಿಹೋಗಿದೆ ಎಂಬುದೇ ಅಲ್ಲಿನ ಹಾಸ್ಯ.

ಒಂಟಿಕೊಪ್ಪಲಿನವ: ಹಳೆಯದು ಎಂದು ನೀವೇ ಬರೆದಿರಿ. ನಾನೂ ಅದನ್ನೇ ಹೇಳಿದ್ದು. 20 ವರ್ಷಗಳಿಂದ ಈ ಕಾರ್ಯಕ್ರಮಕ್ಕೆ ಬೆಲೆಯೇ ಇಲ್ಲವೆಂದು ಶ್ವೇತಭವನವೂ ಹೇಳಿದೆ.

ಪಡುವಾರಹಳ್ಳಿ: ಬೆಲೆಯಿಲ್ಲದ ಕಾರ್ಟೂನಿಗೆ ಶ್ವೇತಭವನ ಹೇಳಿಕೆ ಹೊರಡಿಸುತ್ತದೆಯೇ? ಟ್ರಂಪ್‌ನ ವಕೀಲಿಕೆಗೆ ಒಂಟಿಕೊಪ್ಪಲಿನಿಂದ ಜನ ಹೋಗುತ್ತಾರೆಂದು ಗೊತ್ತಿರಲಿಲ್ಲ.

ಒಂಟಿಕೊಪ್ಪಲಿನವ: ವಕೀಲಿಕೆ ಎಂಬ ಮಾತನ್ನು ಹಿಂತೆಗೆದುಕೊಳ್ಳಿ ಮೇಡಂ. ನಾನು ಕೆನ್ನಿಯ ಪರ.

ಮಂಡ್ಯದ ಕಬ್ಬು: ಕೆನ್ನಿಯ ಪರವೇ? ನಿಮ್ಮ ಮೊದಲ ದೂರಿನಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ.

ಮದ್ದೂರು ವಡೆ: ಜನರೇಟರ್ ಪ್ರಶ್ನೆ ಹಾಗೆಯೇ ಉಳಿಯಿತು.

ಗಗನಚುಕ್ಕಿ: ಜನರೇಟರ್ ಆಮೇಲೆ. ಒಂಟಿಕೊಪ್ಪಲಿನವರು ಮೊದಲು ಕೋಲಾರದ ಮಾತಿಗೆ ಉತ್ತರ ಕೊಡಲಿ.